ಮೊದಲು ನಿನ್ನ ಹೆಸರು

ಆಮ್ರಪಾಲಿ,

ನಿನ್ನ ವಿಳಾಸ ನನ್ನ ಬಳಿ ಇಲ್ಲ. ಇದ್ದರೂ ಇದನ್ನು ಕಳಿಸುವ ಧೈರ್ಯವಿಲ್ಲ. ಆದರೆ ಈ ಸುದ್ದಿಯನ್ನು ನಿನಗಲ್ಲದೆ ಮತ್ಯಾರಿಗೆ ಹೇಳಲಿ?

ಮಗಳು ಐಶ್ವರ್ಯ ನನ್ನ ಫೋನಿಗೆ ಜಗತ್ತಿನ ರೇಡಿಯೊ ಸ್ಟೇಷನ್‌ಗಳೆಲ್ಲ ಸಿಗುವ ಆ್ಯಪ್ ಹಾಕಿಕೊಟ್ಟಿದ್ದಾಳೆ. ಇವತ್ತು ರೊಟ್ಟಿ ಬಡಿಯುತ್ತ, ಹಿಟ್ಟು ಮೆತ್ತಿದ ಬೆರಳಿನಿಂದಲೇ ಒಂದೊಂದನ್ನೂ ಒತ್ತುತ್ತ ಹೋದೆ. ಅರಬ್ಬಿ ಹಾಡು ಬಂತು, ತಿಳಿಯದ ಭಾಷೆಯಲ್ಲಿ ಯಾರೋ ನಕ್ಕರು, ನಾನೂ ನಕ್ಕೆ. ಆಮೇಲೆ ಮಸ್ಕತ್‌ನ ಕನ್ನಡಿಗರು ನಡೆಸುವ ಸ್ಟೇಷನ್ ಸಿಕ್ಕಿತು. ಬೇಕಾದ ಹಾಡಿಗೆ ವಾಟ್ಸಾಪ್ ಮಾಡಿ ಎಂದರು.

ಜೈನಾಪುರದಿಂದ ನಾವು ಆಕಾಶವಾಣಿಗೆ ಎಷ್ಟು ಕಾರ್ಡು ಬರೆದೆವು! ಕಾರ್ಡು ನನ್ನದೆಂದು ಪ್ರತಿಸಲ ನನ್ನ ಹೆಸರೇ ಮೊದಲು. "ಒಮ್ಮ್ಯಾರ ನನ್ನ ಹೆಸರು ಮೊದಲ ಬರಿ ಲೇ" ಎಂದು ನೀನು ಜಗಳ ತೆಗೆಯುತ್ತಿದ್ದೆ. ಅವರು ಒಂದನ್ನೂ ಓದಲಿಲ್ಲ.

ಇವತ್ತು ನಿನ್ನ ಹೆಸರನ್ನೇ ಮೊದಲು ಬರೆದೆ. ಹತ್ತೇ ನಿಮಿಷ. "ಜೈನಾಪುರದ ಆಮ್ರಪಾಲಿ ಮತ್ತು ನಂದಾ ಕೇಳಿದ ಹಾಡು" ಎಂದು ಓದಿಯೇಬಿಟ್ಟರು. ನಾನು ಅಡುಗೆಮನೆಯಲ್ಲೇ ಕುಣಿದೆ, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಆಮ್ರಪಾಲಿ ಅಂದ್ರ ಯಾರ ಬೇ?" ಎಂದಳು ಐಶ್ವರ್ಯ.

ನಿನ್ನ ಲಗ್ನಪತ್ರಿಕೆ ಕೊಡಲು ನೀನು ಅಥಣಿ ರಸ್ತೆಯ ನಮ್ಮ ಮನೆಗೆ ಬಂದಾಗ ಅತ್ತೆಯೂ ಇದನ್ನೇ ಕೇಳಿದ್ದರು. ನೀನಿನ್ನೂ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. "ನಮ್ಮೂರಾಕಿ" ಎಂದಷ್ಟೇ ಹೇಳಿದ್ದೆ ನಾನು.

ಇವತ್ತು ಪಡಸಾಲೆಯಲ್ಲಿ ಕೂತಿದ್ದ ಅತ್ತೆಗೂ ಕೇಳುವಂತೆ ಹೇಳಿದೆ: "ನನ್ನ ಗೆಳತಿ."

ನಂದಾ