ಮೀನು ಒಯ್ಯಲು ಬಂದ ವ್ಯಾನು

ಮಂಗಳವಾರ, ಮಧ್ಯಾಹ್ನ

ಮನೆಯವರಿಗೆ,

ಹೀಗೆ ಬರೆದ ಮೇಲೆ, ಮನೆಯಲ್ಲಿಲ್ಲದವರನ್ನು ಮನೆಯವರು ಎನ್ನಬಹುದೇ ಎಂದು ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದೆ. ಬೇರೆ ಪದ ಹೊಳೆಯಲಿಲ್ಲ, ಇರಲಿ. ನಿಮ್ಮ ಕಾಗದ ಕಳೆದ ವಾರ ತಲುಪಿತು. ಫೋನ್ ಮಾಡದೆ ಬರೆದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನೀವು 'ಹೂಂ' ಎನ್ನುತ್ತೀರಿ, ನಾನು 'ಸರಿ' ಎನ್ನುತ್ತೇನೆ, ಅಷ್ಟರಲ್ಲಿ ಮಾತು ಮುಗಿದಿರುತ್ತದೆ.

ಭಾನುವಾರ ನಿಮ್ಮ ಸ್ನೇಹಿತರು ವ್ಯಾನ್ ತಂದಿದ್ದರು, ಬರಿಗೈಯಲ್ಲಿ ವಾಪಸಾದರು. ಏನಾಯಿತೆಂದು ಅವರು ನಿಮಗೆ ಹೇಳಿಯೇ ಇರುತ್ತಾರೆ. ಆದರೂ ನನ್ನ ಕಡೆಯಿಂದಲೂ ಬರೆಯುವುದು ಸರಿ. ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. ನೀವು ಹೋದ ಮೇಲೆ ನಡೆದದ್ದನ್ನು ನೀವು ಕೇಳಿಲ್ಲ, ನಾನೂ ಹೇಳಿಲ್ಲ.

ಆ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ ಒಪ್ಪಿಕೊಂಡು ಹೊರಟಾಗ ಎರಡು ತಿಂಗಳ ಮಾತು ಎಂದಿರಿ. ನಿಮ್ಮ ತಾಯಿಯನ್ನೂ ಉಪ್ಪುನೀರಿನ ಟ್ಯಾಂಕನ್ನೂ ನನಗೆ ಒಪ್ಪಿಸಿದಿರಿ. ಅತ್ತೆಯ ಮಾತ್ರೆಗಳ ಬಗ್ಗೆ ಒಂದು ಮಾತು ಹೇಳಿದಿರಿ, ಮೀನುಗಳ ಬಗ್ಗೆ ಅರ್ಧ ದಿನ. ನೀವು ಅಷ್ಟು ಮಾತಾಡಿದ್ದನ್ನು ಮದುವೆಯಾದ ಮೇಲೆ ನಾನು ಕೇಳಿದ್ದು ಅದೇ ಮೊದಲು. ಪೈಪ್‌ಫಿಶ್ ಎಂಬ ಆ ಸಪೂರ ಮೀನಿಗೆ ಬಾಯಿಯೆಂದರೆ ಒಂದು ಸ್ಟ್ರಾ ಅಷ್ಟೇ, ಅದು ಕಚ್ಚಲಾರದು, ಕಿತ್ತುಕೊಳ್ಳಲಾರದು. ಎದುರಿಗೆ ಬಂದ ಚೂರನ್ನು ಒಂದು ಕಣ್ಣಿನಿಂದ ನೋಡಿ, ಯೋಚಿಸಿ, ಮನಸ್ಸಾದರೆ ಹೀರಿಕೊಳ್ಳುತ್ತದೆ. ಆದ್ದರಿಂದ ಆ ಟ್ಯಾಂಕಿನಲ್ಲಿ ಚುರುಕಾದ ಮೀನು ಇರಕೂಡದು, ನೀರಿನ ಸೆಳೆತ ಮೆತ್ತಗಿರಬೇಕು, ಪಂಪಿನ ಬಾಯಿಗೆ ಸ್ಪಂಜು ಕಟ್ಟಿರಬೇಕು. ಎಲ್ಲವನ್ನೂ ಹೇಳಿಕೊಟ್ಟಿರಿ.

ನನಗೆ ಕಷ್ಟವಾಗಲಿಲ್ಲ. ಡಯಾಲಿಸಿಸ್ ವಿಭಾಗದಲ್ಲಿ ದಿನವಿಡೀ ನೀರು, ಉಪ್ಪು, ಶಾಖ ನೋಡುವವಳಿಗೆ ಮನೆಗೆ ಬಂದ ಮೇಲೂ ಅದೇ ಕೆಲಸವಾಯಿತು. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಯಂತ್ರ ಕೂಗಿಕೊಳ್ಳುತ್ತದೆ. ಇಲ್ಲಿ ಮೀನು ಸುಮ್ಮನೆ ಉಣ್ಣುವುದನ್ನು ಬಿಡುತ್ತದೆ. ವ್ಯತ್ಯಾಸ ಅಷ್ಟೇ.

ಕಷ್ಟವಾದದ್ದು ಅತ್ತೆಗೆ. ನಾನು ಡ್ಯೂಟಿಗೆ ಹೋದರೆ ಅವರಿಗೆ ನೋಡಲು ಇದ್ದದ್ದು ಗೋಡೆ, ಕಿಟಕಿ ಮತ್ತು ನಿಮ್ಮ ಟ್ಯಾಂಕು. "ಇವೇನು ಮೀನೋ, ಪೊರಕೆಯಿಂದ ಉದುರಿದ ಕಡ್ಡಿನೋ?" ಎನ್ನುತ್ತಿದ್ದರು. ಅವರ ಬಾಯಲ್ಲಿ ಅವಕ್ಕೆ ಕಡ್ಡಿಗಳು ಎಂದೇ ಹೆಸರಾಯಿತು. ಒಂದು ಸಂಜೆ ಮನೆಗೆ ಬಂದು ನೋಡಿದರೆ ಟ್ಯಾಂಕಿನಲ್ಲಿ ಎರಡು ನೀಲಿ ಮೀನುಗಳು ಬಾಣದಂತೆ ಓಡಾಡುತ್ತಿದ್ದವು. ಅತ್ತೆ ಅಕ್ವೇರಿಯಂ ಅಂಗಡಿಗೆ ಫೋನ್ ಮಾಡಿ ತರಿಸಿದ್ದರು. "ಕಡ್ಡಿಗಳಿಗೂ ಒಂದು ಜೊತೆ ಆಯ್ತು, ನನ್ನ ಕಣ್ಣಿಗೂ ಒಂದು ಬಣ್ಣ ಆಯ್ತು," ಎಂದರು. ಅವರ ಮುಖ ನೋಡಿ ನೀಲಿಗಳನ್ನು ಹಾಗೇ ಬಿಟ್ಟೆ.

ನಾಲ್ಕಾರು ದಿನಗಳಲ್ಲಿ ಪೈಪ್‌ಫಿಶ್‌ಗಳ ಹೊಟ್ಟೆ ಬೆನ್ನಿಗೆ ಹತ್ತಿತು. ನಾನು ಬಾಟಲಿಯ ಉಪ್ಪುನೀರಿನಲ್ಲಿ ಸೀಗಡಿ ಮೊಟ್ಟೆಗಳನ್ನು ಮರಿ ಮಾಡಿಸಿ ತಂದು ಸುರಿದರೆ, ಇವು ಒಂದು ಚೂರನ್ನು ನೋಡಿ ಯೋಚಿಸುವಷ್ಟರಲ್ಲಿ ನೀಲಿಗಳು ಟ್ಯಾಂಕನ್ನೇ ಗುಡಿಸಿಬಿಡುತ್ತಿದ್ದವು. ಕೊನೆಗೆ ಕಡ್ಡಿಗಳೆರಡೂ ಕಲ್ಲಿನ ಹಿಂದಿನಿಂದ ಹೊರಗೇ ಬರಲಿಲ್ಲ. ನಾನು ಅತ್ತೆಯ ಕೈಗೆ ಭೂತಗನ್ನಡಿ ಕೊಟ್ಟು, ಕೂತು ನೋಡಿ ಎಂದೆ. ಬಹಳ ಹೊತ್ತು ನೋಡಿದರು. ಆಮೇಲೆ, "ಅಯ್ಯೋ, ಇವಕ್ಕೆ ಊಟ ಮಾಡೋಕೆ ಪುರುಸೊತ್ತೇ ಕೊಡ್ತಿಲ್ಲವಲ್ಲೇ," ಎಂದರು.

ನೀಲಿಗಳನ್ನು ಹಿಡಿಯಲು ನನ್ನ ಒಂದು ರಜೆ ಪೂರ್ತಿ ಹೋಯಿತು. ನೀರನ್ನೆಲ್ಲ ಡ್ರಮ್ಮುಗಳಿಗೆ ಇಳಿಸಿ, ನೀವು ಅಷ್ಟು ನಾಜೂಕಾಗಿ ಜೋಡಿಸಿದ ಕಲ್ಲುಗಳನ್ನು ಒಂದೊಂದಾಗಿ ಎತ್ತಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು, ಹಿಟ್ಟಿನ ಜರಡಿ ಹಿಡಿದು ಒಂದು ಮೂಲೆಯನ್ನು ಕಾದರು. ಒಂದು ನೀಲಿ ಜರಡಿಯಿಂದ ಹಾರಿ ಅವರ ತೋಳಿನ ಮೇಲೆ ಬಿತ್ತು. ಅತ್ತೆ ಕೂಗಿದರು, ನಾನು ನಕ್ಕೆ, ಆಮೇಲೆ ಅವರೂ ನಕ್ಕರು. ಕಲ್ಲುಗಳು ಈಗ ನೀವಿಟ್ಟಂತೆ ಇಲ್ಲ. ಜರಡಿಯನ್ನೂ ಬೇರೆ ತರಬೇಕಾಯಿತು.

ಅಂದಿನಿಂದ ಹಗಲಿನ ಉಣಿಸು ಅತ್ತೆಯ ಪಾಲಿಗೆ ಬಂತು. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. (ಆಪರೇಷನ್ ಆದದ್ದನ್ನು ನಿಮಗೆ ಫೋನಿನಲ್ಲಿ ಹೇಳಿದ್ದೆ, ಹೂಂ ಎಂದಿದ್ದಿರಿ.) ಬೆಳಿಗ್ಗೆ ಟ್ಯಾಂಕಿನ ದೀಪ ಹಾಕಿದೊಡನೆ ಎರಡೂ ಮೀನುಗಳು ಅಕ್ಕಪಕ್ಕ ಬಂದು, ಮೈ ಬಳುಕಿಸಿ, ಒಂದು ಸುತ್ತು ಹಾಕಿ, ಆಮೇಲೆ ತಮ್ಮ ತಮ್ಮ ಪಾಡಿಗೆ ಹೋಗುತ್ತವೆ. ದಿನವೂ ಹೀಗೇ. ನಾನು ಇದನ್ನು ಗಮನಿಸಿರಲಿಲ್ಲ. ಅತ್ತೆ ತೋರಿಸಿದರು. "ನೋಡು, ಮೂಕಪ್ರಾಣಿಗಳು. ಎದ್ದ ಕೂಡಲೇ ಒಂದನ್ನೊಂದು ಮಾತಾಡಿಸ್ತಾವೆ," ಎಂದರು. ನಾನು ಟಿಫಿನ್ ಡಬ್ಬಿಯ ಮುಚ್ಚಳ ಹಾಕಿಕೊಂಡು ಡ್ಯೂಟಿಗೆ ಹೋದೆ.

ಗಂಡಿನ ಹೊಟ್ಟೆಯಡಿ ಮೊಟ್ಟೆಗಳ ಸಾಲು ಅಂಟಿಕೊಂಡದ್ದನ್ನು ಮೊದಲು ಕಂಡವರೂ ಅವರೇ. ಅದು ಗಂಡು, ಹೊರುವುದು ಅದೇ, ಹೆಣ್ಣು ಮೊಟ್ಟೆ ಕೊಟ್ಟು ಹೊರಟುಬಿಡುತ್ತದೆ ಎಂದು ನಾನು ವಿವರಿಸಿದಾಗ ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸದ್ಯ, ಒಂದು ಜಾತೀಲಾದ್ರೂ ನ್ಯಾಯ ಇದೆ," ಎಂದರು. ಮಧ್ಯಾಹ್ನ ನನ್ನ ಆಸ್ಪತ್ರೆಗೇ ಫೋನ್ ಮಾಡಿ, "ಬಸುರಿ ಸರಿಯಾಗಿ ಊಟ ಮಾಡಿದ," ಎಂದು ವರದಿ ಕೊಟ್ಟರು. ಮರಿಗಳು ದಾರದ ತುಂಡುಗಳಂತಿದ್ದವು. ಬೇರೆ ಗಾಜಿನ ಪಾತ್ರೆಯಲ್ಲಿಟ್ಟು ಇಬ್ಬರೂ ಪಾಳಿ ಹಾಕಿಕೊಂಡು ನೋಡಿದೆವು. ವಾರ ತುಂಬುವುದರೊಳಗೆ ಒಂದೂ ಉಳಿಯಲಿಲ್ಲ. ಕಣ್ಣಿಗೆ ಕಾಣದ ಅಷ್ಟು ಸಣ್ಣ ಆಹಾರ ನಮ್ಮಿಂದ ಒದಗಿಸಲಾಗಲಿಲ್ಲ. ಅತ್ತೆ ಅಂದು ಸಂಜೆ ಬೇಗ ಮಲಗಿದರು. ನಾನು ಪಾತ್ರೆ ತೊಳೆದು ಬೋರಲು ಹಾಕಿದೆ.

ಇದಾದ ಮೇಲೆ ನಿಮ್ಮ ಕಾಗದ ಬಂತು. ಎರಡು ಕೋಣೆಯ ಮನೆ ಸಿಕ್ಕಿದೆ, ಅಮ್ಮ ಇನ್ನು ನಿನ್ನ ಜೊತೆ ಇರುವುದು ಸರಿಕಾಣುವುದಿಲ್ಲ, ಅಮ್ಮನನ್ನೂ ಟ್ಯಾಂಕನ್ನೂ ಭಾನುವಾರ ವ್ಯಾನಿನಲ್ಲಿ ಕಳಿಸು, ನಿನ್ನ ವಿಚಾರ ಆಮೇಲೆ ಕೂತು ಮಾತಾಡೋಣ ಎಂದು ಬರೆದಿದ್ದಿರಿ. ಅತ್ತೆಗೆ ಓದಿ ಹೇಳುವಾಗ ಕೊನೆಯ ಸಾಲನ್ನು ಬಿಟ್ಟೆ. ಆದರೆ ಕಾಗದ ಮೇಜಿನ ಮೇಲೇ ಇತ್ತು, ಅವರಿಗೀಗ ಕಣ್ಣು ಕಾಣುತ್ತದೆ.

ನಾನು ತಯಾರಿ ಮಾಡಿದ್ದೆ. ಅದನ್ನು ನೀವು ನಂಬಬೇಕು. ಶನಿವಾರ ಅತ್ತೆಯ ಬಟ್ಟೆಗಳನ್ನು ದೊಡ್ಡ ಸೂಟ್‌ಕೇಸಿಗೆ ತುಂಬಿದೆ, ಮಾತ್ರೆಗಳನ್ನು ಹೊತ್ತಿನ ಪ್ರಕಾರ ಬೇರೆ ಬೇರೆ ಪೊಟ್ಟಣ ಕಟ್ಟಿದೆ. ಮೀನಿಗೆ ಥರ್ಮೋಕೋಲ್ ಡಬ್ಬಿ, ದಪ್ಪ ಪ್ಲಾಸ್ಟಿಕ್ ಚೀಲ, ಹೊಸದಾಗಿ ಬೆರೆಸಿದ ಉಪ್ಪುನೀರು ಎಲ್ಲ ಇಟ್ಟೆ. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ನಿಮ್ಮ ಸ್ನೇಹಿತರು ಎರಡು ಬಕೆಟ್ ಹಿಡಿದು ಒಳಗೆ ಬಂದಾಗ ಅತ್ತೆ ಕುರ್ಚಿ ಎಳೆದುಕೊಂಡು ಟ್ಯಾಂಕಿಗೆ ಬೆನ್ನು ಕೊಟ್ಟು ಕೂತಿದ್ದರು.

"ಮೀನು ಈಗ ಬರೋ ಹಾಗಿಲ್ಲ ಕಣಪ್ಪ. ಗಂಡು ಬಸುರಿ."

ಸ್ನೇಹಿತರು ತಾವು ಕೇಳಿದ್ದು ಸರಿಯೇ ಎಂಬಂತೆ ನನ್ನನ್ನು ನೋಡಿದರು. "ಗಂಡಾ, ಅಮ್ಮ?"

"ಗಂಡೇ. ಹೊಟ್ಟೆ ತುಂಬ ಮೊಟ್ಟೆ ಅಂಟಿಸ್ಕೊಂಡಿದೆ. ಈಗ ಅಲ್ಲಾಡಿಸಿದ್ರೆ ಎಲ್ಲಾ ಉದುರಿ ಹೋಗುತ್ತೆ. ಪಾಪ ಬರುತ್ತೆ ನಿಂಗೆ."

ಅವರು ಬಗ್ಗಿ ನೋಡಿದರು. ಕಲ್ಲಿನ ಪಕ್ಕದಲ್ಲಿ ಎರಡು ಕಡ್ಡಿಗಳು ಕಂಡಿರಬೇಕು, ಅದಕ್ಕಿಂತ ಹೆಚ್ಚೇನೂ ಕಂಡಿರಲಾರದು. ನಾನು ಕೈಯಲ್ಲಿ ಟೇಪು, ಕತ್ತರಿ ಹಿಡಿದು ನಿಂತಿದ್ದೆ. ನಡುವೆ ಬಾಯಿ ಹಾಕಲಿಲ್ಲ.

"ಸರಿ ಅಮ್ಮ, ಮೀನು ಇರ್ಲಿ. ನೀವಾದ್ರೂ ಹೊರಡಿ. ಅವನು ಕಾಯ್ತಿರ್ತಾನೆ."

"ನಾನು ಹೊರಟ್ರೆ ಬಾಣಂತನ ಯಾರು ಮಾಡ್ತಾರೆ? ಇವಳು ಬೆಳಿಗ್ಗೆ ಹೋದ್ರೆ ಸಂಜೆ ಬರ್ತಾಳೆ."

ಅವರು ನಗು ತಡೆದುಕೊಂಡರು. ಒಳ್ಳೆಯ ಮನುಷ್ಯರು. ಟೀ ಕುಡಿದು, ದಾರಿ ಖರ್ಚು ಬೇಡವೆಂದು ಹೇಳಿ, ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮೆಟ್ಟಿಲಿಳಿದರು.

ವ್ಯಾನಿನ ಸದ್ದು ಅಡಗಿದ ಮೇಲೆ ನಾನು ಅತ್ತೆಗೆ, "ನೀವು ಹೋಗಬಹುದಿತ್ತು," ಎಂದೆ.

"ನಿಂಗೆ ನಾನು ಭಾರವಾ?"

"ನಾನು ಹಾಗೆ ಹೇಳಲಿಲ್ಲ."

"ಹೇಳಲಿಲ್ಲ. ಹೋಗಿ ಅಂತಲೂ ಹೇಳಲಿಲ್ಲ, ಇರಿ ಅಂತಲೂ ಹೇಳಲಿಲ್ಲ. ನಿನ್ನೆ ಇಡೀ ದಿನ ಕಾದೆ, ಬಟ್ಟೆ ಮಡಿಚಿಟ್ಟೆಯೇ ಹೊರತು ಬಾಯಿ ಬಿಡಲಿಲ್ಲ. ಅವನೂ ಹಾಗೇ, ನೀನೂ ಹಾಗೇ. ನಿಮ್ಮಿಬ್ಬರಿಗೂ ಒಂದೇ ರೋಗ."

ಟೀ ಲೋಟಗಳನ್ನು ಒಳಗಿಟ್ಟು ಬಂದೆ. ಮೇಜು ಒರೆಸಿದೆ. ಅತ್ತೆ ಕುರ್ಚಿಯಿಂದ ಏಳಲಿಲ್ಲ, ನನ್ನ ಮೇಲಿಂದ ಕಣ್ಣೂ ತೆಗೆಯಲಿಲ್ಲ. ಕೊನೆಗೆ, "ಇರಿ ಅತ್ತೆ," ಎಂದೆ. ಅವರು ಕೇಳಿಸಿಕೊಂಡರು. "ಹೂಂ, ಆಯ್ತು. ಹಾಗಾದ್ರೆ ಆ ಸೂಟ್‌ಕೇಸ್ ಬಿಚ್ಚು," ಎಂದರು.

ಬಿಚ್ಚಿದೆ. ಬೀರುವಿನ ಕೆಳಗಿನ ಖಾನೆಗೆ ಬಗ್ಗಲಾಗುವುದಿಲ್ಲ, ಬಟ್ಟೆಗಳನ್ನು ಮೇಲಿನದರಲ್ಲಿಡು ಎಂದರು. ಮೇಲಿನದರಲ್ಲಿ ನಿಮ್ಮ ಅಂಗಿಗಳಿದ್ದವು. ಅವನ್ನು ಇಸ್ತ್ರಿ ಮಾಡಿ ಅದೇ ಸೂಟ್‌ಕೇಸಿನಲ್ಲಿಟ್ಟಿದ್ದೇನೆ. ಈ ವಾರ ಪಾರ್ಸೆಲ್ ಮಾಡುತ್ತೇನೆ. ಬೂದು ಅಂಗಿಯ ಒಂದು ಗುಂಡಿ ಹೋಗಿತ್ತು, ಹಾಕಿದ್ದೇನೆ.

ಟ್ಯಾಂಕ್ ನಿಮ್ಮದು, ಅದರಲ್ಲಿ ವಾದವಿಲ್ಲ. ಯಾವಾಗ ಸಾಗಿಸಬಹುದೆಂದು ಅತ್ತೆಯೇ ನೋಡಿ ಹೇಳುತ್ತಾರಂತೆ. ನನ್ನ ವಿಚಾರ ಕೂತು ಮಾತಾಡೋಣ ಎಂದಿದ್ದೀರಿ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಈ ಕಾಗದವನ್ನು ಎರಡು ಸಲ ಇಲ್ಲಿಗೇ ನಿಲ್ಲಿಸಿದ್ದೆ. ಈಗಲೂ ಇಲ್ಲಿಗೇ ನಿಲ್ಲಿಸುತ್ತೇನೆ. ನಮ್ಮಿಬ್ಬರ ಆರೋಗ್ಯ ಚೆನ್ನಾಗಿದೆ.

ನಿಮ್ಮ ತಾಯಿಯ ಸೊಸೆ

ಮರೆತ ಮಾತು: ಇದು ನಾನು ಕಣೋ, ನಿನ್ನ ಅಮ್ಮ. ಕವರ್ ಅಂಟಿಸೋ ಮುಂಚೆ ಓದಿ ಅಂತ ಕೊಟ್ಟಳು, ಅದಕ್ಕೆ ಕೆಳಗೆ ಜಾಗ ಇರೋ ಕಡೆ ಬರೀತಿದೀನಿ. ನಿನ್ನ ಸ್ನೇಹಿತನಿಗೆ ನಾನು ಹೇಳಿದ್ದು ಸುಳ್ಳು. ಮೊದಲ ಮರಿಗಳು ಹೋದ ಮೇಲೆ ಆ ಗಂಡಿನ ಹೊಟ್ಟೇಲಿ ಒಂದು ಮೊಟ್ಟೇನೂ ಇಲ್ಲ. ಇವಳಿಗೂ ಅದು ಚೆನ್ನಾಗಿ ಗೊತ್ತಿತ್ತು, ಪಕ್ಕದಲ್ಲೇ ನಿಂತು ಸುಮ್ಮನಿದ್ದಳು. ಈ ಕಾಗದದಲ್ಲೂ ಬರೆದಿಲ್ಲ ನೋಡು. ಇನ್ಮೇಲೆ ಸಾಮಾನು ಒಯ್ಯೋಕೆ ಅಂತ ಯಾರನ್ನೂ ಕಳಿಸಬೇಡ. ನೀನೂ ದಿಢೀರಂತ ಬಂದು ನಿಲ್ಲಬೇಡ. ಇವಳು ಕರೀಲಿ, ಆಗ ಬಾ. ಕರೀದೇ ಇದ್ರೆ ಅದೂ ಉತ್ತರಾನೇ. ಅಲ್ಲೀವರೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡು.