ಬಲ್ಬ್ ಹಚ್ಚಿ ನೋಡಲಿಲ್ಲ, ಮಾಸ್ತರೇ

ಮಾಸ್ತರೇ,

ನಿಮ್ಮ ರಫೀಕ ಬರೆಯುತ್ತಿದ್ದೇನೆ, ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ಅದೇ ಟೀವಿ ರಿಪೇರಿ ಅಂಗಡಿಯಿಂದ. ನೀವಿದ್ದಾಗ ಮುಖ ನೋಡಿ ಹೇಳಬೇಕಾದದ್ದನ್ನು, ನೀವು ಹೋಗಿ ವರ್ಷವಾದ ಮೇಲೆ ಕಾಗದದಲ್ಲಿ ಹೇಳುತ್ತಿದ್ದೇನಲ್ಲ, ನನ್ನ ನಾಚಿಕೆ ಅಲ್ಲಿಂದಲೇ ಶುರು.

ಆ ಹಳೆಯ ಕಂಪ್ಯೂಟರನ್ನು ಪುಣೆಯಿಂದ ಟ್ರಂಕಿನಲ್ಲಿ ಇಟ್ಟುಕೊಂಡು ತಂದ ದಿನ ನೆನಪಿದೆಯೇ? ನೋಡಲು ಬರೀ ಕೀಬೋರ್ಡು. ಟೀವಿಗೆ ಜೋಡಿಸಿದರೆ ನೀಲಿ ಪರದೆ ಬರುತ್ತಿತ್ತು, ಯಂಕಂಚಿ ಶಾಲೆಯ ಮಕ್ಕಳಿಗೆ ಅದರಲ್ಲಿ ಮಗ್ಗಿ ತೋರಿಸುತ್ತಿದ್ದಿರಿ. ಕರೆಂಟು ಕೊಡಲು ಇಟ್ಟಿಗೆಯಷ್ಟು ದಪ್ಪದ ಪವರ್ ಸಪ್ಲೈ ಡಬ್ಬಿ ಬೇರೆ. ನನಗೆ ಮೀಟರ್ ಹಿಡಿಯಲು ಕಲಿಸಿದ್ದು ಆ ಡಬ್ಬಿಯ ಮೇಲೆಯೇ. "ಬರೇ ಮೀಟರ್ ನೋಡಿ ಹೌದನಬ್ಯಾಡೋ. ಟ್ರ್ಯಾಕ್ಟರ್ ಬಲ್ಬ್ ಹಚ್ಚಿ ಅಳಿ. ಲೋಡ್, ಅಂದ್ರ ಎಳಿಯೋ ಭಾರ ಇಲ್ಲದಾಗ, ಕೆಟ್ಟ ಡಬ್ಬಿನೂ ಐದು ವೋಲ್ಟ್ ತೋರಸೇ ತೋರಸ್ತದ," ಎಂದು ನಗುತ್ತಿದ್ದಿರಿ.

ಆ ವರ್ಷದ ಖಂಡೇಪೂಜೆ, ದಸರೆಯ ಆಯುಧಪೂಜೆ. ನಿಮ್ಮ ಮನೆಯವರು, ಅಂದರೆ ನಮ್ಮೆಲ್ಲರ ಕಾಕು, ಅಂದು ಕುಡಗೋಲು, ಸೈಕಲ್ಲಿನ ಜೊತೆ ಕಂಪ್ಯೂಟರನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದರು. ಮರುದಿನ ಅದು ಹತ್ತಲಿಲ್ಲ. ನೀವು ಹೊತ್ತು ತಂದಾಗ ನನ್ನ ಅಂಗಡಿ ತುಂಬ ಜನ. ಮಧ್ಯಾಹ್ನ ಕ್ರಿಕೆಟ್ ಮ್ಯಾಚು, ಎಲ್ಲರಿಗೂ ಟೀವಿ ಆಗಲೇ ಬೇಕು. ಮೀಟರ್ ಐದು ತೋರಿಸಿತು. ಬಲ್ಬು ಕೈಗೆಟುಕುವಲ್ಲೇ ಇತ್ತು, ಹಚ್ಚಲಿಲ್ಲ. "ಸಪ್ಲೈ ಚಲೋ ಐತ್ರಿ. ಪೂಜಾದಾಗ ಕಂಪ್ಯೂಟರಿನ ಒಳಗಿನ ಬೋರ್ಡಿಗೆ ನೀರು ಬಡದೈತಿ," ಎಂದುಬಿಟ್ಟೆ.

ನೀವು ಕಾಕುಗೆ ಒಂದು ಮಾತೂ ಅನ್ನಲಿಲ್ಲ. ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದಿರಿ. ಆದರೆ ಕಾಕು ಅಂದಿನಿಂದ ನಿಮ್ಮ ಮೇಜು ಮುಟ್ಟಲಿಲ್ಲ, ರೇಡಿಯೋಕ್ಕೂ ಕುಂಕುಮ ಹಚ್ಚಲಿಲ್ಲ. ವರ್ಷಾವರ್ಷ ನಿಮ್ಮ ಮನೆಯ ಹೋಳಿಗೆ ತಿನ್ನುತ್ತ ನಾನು ಅದನ್ನು ನೋಡಿದ್ದೇನೆ. ಇನ್ನೊಮ್ಮೆ ಇಳಿಸಿ ನೋಡೋಣ ಎನ್ನಬಹುದಿತ್ತು. ತಪ್ಪು ನನ್ನದೇ ಎಂದು ಗೊತ್ತಾದರೆ… ಸುಮ್ಮನಿದ್ದೆ. ಇಂಥವನಿಗೇನು ನೀವು ವಿದ್ಯೆ ಕಲಿಸಿದ್ದು?

ಮೊನ್ನೆ ಅಟ್ಟ ತೆರವು ಮಾಡಿಸುವಾಗ ಕಾಕು ಅದನ್ನು ನನ್ನ ಕೈಗೇ ಕೊಟ್ಟರು. "ಗುಜರಿಗೆ ಹಾಕಬ್ಯಾಡಪಾ, ಅವರ ಜೀವ ಇತ್ತು ಅದರಾಗ," ಎಂದರು. ಈ ಸಲ ಬಲ್ಬು ಹಚ್ಚಿದೆ. ಐದಿದ್ದ ವೋಲ್ಟೇಜು ಎರಡೂವರೆಗೆ ಕುಸಿಯಿತು. ಡಬ್ಬಿಯೊಳಗೆ ಕರೆಂಟನ್ನು ಸಮ ಹಿಡಿಯುವ, ಹೆಬ್ಬೆರಳಿನಷ್ಟು ಒಂದು ಕೆಪಾಸಿಟರ್ ಒಣಗಿತ್ತು. ಅಟ್ಟದಲ್ಲಿದ್ದು ಒಣಗಿರಬೇಕು ಎಂದುಕೊಂಡೆ ನೋಡಿ, ಆಗಲೂ ತಪ್ಪಿಸಿಕೊಳ್ಳುವ ದಾರಿಯೇ! ಹೊಸದನ್ನು ಸೋಲ್ಡರ್ ಮಾಡಿ ಕಂಪ್ಯೂಟರಿಗೆ ಜೋಡಿಸಿದೆ. ನೀಲಿ ಪರದೆ ಬಂತು. ಬೋರ್ಡನ್ನು ನಾನು ಮುಟ್ಟಿಯೂ ಇರಲಿಲ್ಲ. ಅದಕ್ಕೆ ನೀರು ಬಡಿದಿದ್ದರೆ ಹಾಗೆ ಹತ್ತುತ್ತಿತ್ತೇ, ಮಾಸ್ತರೇ? ಅಂದು ಕೆಟ್ಟಿದ್ದೂ ಡಬ್ಬಿಯೇ.

ಅಂಗಡಿ ಮುಚ್ಚಿ ಸೀದಾ ಹೋಗಿ ಕಾಕುಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

"ಹಂಗಾದ್ರ ನನ್ನ ಕೈಯಿಂದ ಕೆಟ್ಟಿದ್ದಲ್ಲೇನಪಾ ಅದು?"

"ಅಲ್ರಿ ಕಾಕು. ನಾನಽ ಸರಿಯಾಗಿ ನೋಡಲಿಲ್ಲ."

ಕಾಕು ನಿಮ್ಮ ಮೇಜಿನ ಕಡೆ ನೋಡಿದರು. ಆಮೇಲೆ, "ಅವರಿಗೆ ಗೊತ್ತಾಗಲೇ ಇಲ್ಲಲ್ಲೋ ರಫೀಕ," ಅಂದರು.

ಅದಕ್ಕೇ ಈ ಕಾಗದ, ಮಾಸ್ತರೇ. ಕಾಕು ಕೆಡಿಸಿರಲಿಲ್ಲ.

ನಿಮ್ಮ,
ರಫೀಕ