ನೀವು ಒಳ್ಳೆಯ ಸಾಬರಾಗಿರಲಿಲ್ಲ

ಅಬ್ಬಾ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ಯಾರೂ ನನ್ನ ಕೈಯಲ್ಲಿ ಬರೆಸುತ್ತಿಲ್ಲ. ಇದಕ್ಕೆ ಅಂಕವಿಲ್ಲ, ಬಹುಮಾನವೂ ಇಲ್ಲ. ಹೇಳದಿದ್ದರೆ ನೀವು ಅನುಮಾನ ಪಡುತ್ತೀರಿ. ಹಾಸಿಗೆ ಹೊಲಿಸಲು ಬಂದವರು "ಚೆನ್ನಾಗಿದ್ದೀರಾ ಸಾಬರೇ" ಅಂದರೂ, ಅವರು ಹೋದ ಮೇಲೆ "ಯಾಕ್ ಕೇಳಿದ್ರು?" ಎಂದು ನನ್ನ ಮುಖ ನೋಡುತ್ತಿದ್ದವರು ನೀವು. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬೇಡಿ. ಮನೆಯಲ್ಲಿ ನಾವು ಆಡಿದ್ದು ದಖ್ನಿ, ಅಂಗಡಿಯಲ್ಲಿ ನೀವು ಆಡಿದ್ದು ತೆಲುಗು. ಆದರೆ ದೇವರಾಯಸಮುದ್ರದ ಸರ್ಕಾರಿ ಶಾಲೆ ನಿಮಗೆ ಓದಲು ಕಲಿಸಿದ್ದು ಈ ಒಂದೇ ಭಾಷೆಯನ್ನು.

ಪಿಯುಸಿಯಲ್ಲಿ ಭಾಷಣಕ್ಕೆ ನಾನೊಂದು ಕಪ್ಪು ಗೆದ್ದು ತಂದ ಸಂಜೆ ನೆನಪಿದೆಯಾ? ಅಮ್ಮಿ ದೃಷ್ಟಿ ತೆಗೆಯಲು ಓಡಿದಳು. ನೀವು ಕಪ್ಪನ್ನು ಬೆರಳಿನಿಂದ ತಟ್ಟಿ, "ಇದು ಹಿತ್ತಾಳೆ ಅಲ್ಲ, ಬಣ್ಣ" ಅಂದಿರಿ. ಆಮೇಲೆ, "ಯಾರಾದ್ರೂ ಹೊಗಳಿದ್ರೆ ಮೊದ್ಲು ಜೇಬು ಮುಟ್ಟಿ ನೋಡ್ಕೋಬೇಕು ಬೇಟಾ." ನನ್ನ ಚೂಡಿದಾರಕ್ಕೆ ಜೇಬೇ ಇಲ್ಲ ಅಂದೆ. "ಅದಕ್ಕೇ ಇನ್ನೂ ಹುಷಾರಾಗಿರು" ಅಂದಿರಿ. ಈ ವರ್ಷ ಕಾಲೇಜಿನಲ್ಲಿ ನಡೆದದ್ದನ್ನು ನೋಡಿದ್ದರೆ ನೀವು ಏನು...

ಕೋಲಾರದ ಕಾಲೇಜಿಗೆ ವಸುಧಾ ಮೇಡಂ ಬಂದ ಮೊದಲ ವಾರವೇ ನಮಗೊಂದು ಕಥೆ ಓದಿ ಹೇಳಿದರು. ಮೈಸೂರಿನವರು, ವಯಸ್ಸು ಚಿಕ್ಕದು, ಓದುವಾಗ ದನಿ ತುಂಬಿ ಬರುತ್ತದೆ. ಕಥೆಯಲ್ಲಿ ಒಬ್ಬ ಅತ್ತರು ಮಾರುವ ಸಾಬರು. ಬಿಳಿ ಗಡ್ಡ, ತೂತುಬಿದ್ದ ಕೊಡೆ, ಬಾಯಲ್ಲಿ ಯಾವಾಗಲೂ ದೇವರ ಹೆಸರು. ಬಾವಿಗೆ ಬಿದ್ದ ಗೌಡರ ಮಗುವನ್ನು ಎತ್ತಿಕೊಟ್ಟು ತಾನು ಸಾಯುತ್ತಾರೆ. ಇಡೀ ಕ್ಲಾಸು ನನ್ನ ಕಡೆ ತಿರುಗಿತು, ಸತ್ತವರು ನಮ್ಮ ಮನೆಯವರೇ ಎಂಬಂತೆ. ಆಮೇಲೆ ಮೇಡಂ, "ಒಂದೊಂದು ಸಮುದಾಯವನ್ನ ಸಾಹಿತ್ಯ ಒಂದೊಂದು ಅಚ್ಚಿಗೆ ಹಾಕಿಬಿಡುತ್ತೆ. ಆ ಅಚ್ಚಿನ ಮುಂದೆ ನೀವು ಯಾರು? ಪ್ರಬಂಧ ಬರೆದುಕೊಂಡು ಬನ್ನಿ" ಅಂದರು. ಹೇಳುವಾಗ ಅವರ ಕಣ್ಣು ಯಾರ ಮೇಲಿತ್ತು ಅಂದುಕೊಂಡಿದ್ದೀರಿ?

ಕ್ಯಾಲನೂರಿನ ರತ್ನ ನಮ್ಮ ಮನೆಗೆ ಬಂದಾಗ ನಿಮ್ಮ ಹತ್ತಿಯ ರಾಶಿಯ ಮೇಲೆ ಬಿದ್ದು ಬೈಸಿಕೊಂಡಿದ್ದಳಲ್ಲ, ಈಗಲೂ ನನ್ನ ಪಕ್ಕವೇ ಕೂರುತ್ತಾಳೆ. ಅವಳ ಮನೆಯವರು ಡೇರಿಗೆ ಹಾಲು ಹಾಕುವವರು. ರತ್ನ ಮಾತ್ರ ಹಸು ತಲೆ ಅಲ್ಲಾಡಿಸಿದರೆ ಕಿರುಚಿಕೊಂಡು ಓಡುತ್ತಾಳೆ. ನಾಟಕದಲ್ಲಿ ರಾಕ್ಷಸನ ಪಾರ್ಟು ಮಾಡಬೇಕೆಂಬುದು ಅವಳಿಗಿರುವ ಒಂದೇ ಆಸೆ. ಅವಳ ಪ್ರಬಂಧ ನೋಡಿದರೆ ಪೂರ್ತಿ ಕೊಟ್ಟಿಗೆ, ಸೆಗಣಿಯ ಘಮ, ಕರುವಿನ ಕಣ್ಣೀರು. "ಏನೇ ಇದು?" ಅಂದೆ. "ಮೇಡಂಗೆ ಹಸು ಬೇಕಿತ್ತು, ಹಸು ಕೊಟ್ಟೆ ಕಣೇ. ನಿನ್ ಕಡೆಯಿಂದ ಏನ್ ಬೇಕೋ ಅದನ್ನ ನೀನೂ ಕೊಟ್ಬಿಡು. ಒಸಿ ಅಳು, ಒಸಿ ಅತ್ತರು." ಅವಳಿಗೆ ಒಳ್ಳೆಯ ಅಂಕವೂ ಬಂತು.

ನನಗೆ ಬೇರೆ ಏನನ್ನೂ ಬರೆಯಲು ಆಗಲಿಲ್ಲ. ನಿಮ್ಮನ್ನು ಬರೆದೆ. "ನನ್ನ ತಂದೆ ಕಥೆಯಲ್ಲಿ ಬರುವಂಥ ಒಳ್ಳೆಯ ಸಾಬರಾಗಿರಲಿಲ್ಲ. ಅವರು ಯಾವ ಬಾವಿಗೂ ಹಾರಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ" ಎಂದು ಶುರುಮಾಡಿದೆ. ಪಕ್ಕದ ಕಾಫಿಪುಡಿ ಅಂಗಡಿಯ ಮುನಿವೆಂಕಟಪ್ಪನವರ ಜೊತೆ ನೀವು ಹೂಡಿದ ಜಗಳವನ್ನೂ ಬರೆದೆ. ನಿಮ್ಮ ಹತ್ತಿಯ ನವಿರು ಹಾರಿ ಅವರ ಕಾಫಿಪುಡಿಗೆ ಬೀಳುತ್ತಿದ್ದದ್ದು, ಅವರ ಮಿಷನ್ನಿನ ನಡುಕಕ್ಕೆ ನಮ್ಮ ಗೋಡೆ ಸೀಳಿತೆಂದು ನೀವು ಕೂಗಾಡಿದ್ದು. ಒಂದು ಬೆಳಿಗ್ಗೆ ಹತ್ತಿಯೆಲ್ಲ ನೆನೆದು ಮುದ್ದೆಯಾಗಿದ್ದಾಗ, ನೀರು ಬಿಟ್ಟವನು ಅವನೇ ಎಂದು ಸಾಯುವವರೆಗೂ ನಂಬಿದ್ದು. ಬೀದಿಯಲ್ಲಿ ಎದುರಾದರೆ ಇಬ್ಬರೂ ಒಟ್ಟಿಗೆ ಕ್ಯಾಕರಿಸುತ್ತಿದ್ದದ್ದು. ಕೊನೆಗೆ, "ಕಥೆಯೊಳಗೆ ಬರಬೇಕಾದರೆ ನಾವು ಯಾಕೆ ಇಷ್ಟು ಒಳ್ಳೆಯವರಾಗಿರಬೇಕು, ಯಾಕೆ ಇಷ್ಟು ಚೆಂದವಾಗಿ ಸಾಯಬೇಕು? ನನ್ನ ತಂದೆ ಸಕ್ಕರೆ ಕಾಯಿಲೆಯಿಂದ ಸತ್ತರು, ಡಾಕ್ಟರನ್ನೂ ನಂಬದೆ" ಎಂದು ನಿಲ್ಲಿಸಿದೆ.

ಮೇಡಂ ಅದನ್ನು ಓದಿ ಸ್ಟಾಫ್ ರೂಮಿಗೆ ಕರೆಸಿದ ದಿನ ನನ್ನ ಕೈ ತಾನಾಗಿ ಇಲ್ಲದ ಜೇಬನ್ನು ಹುಡುಕಿತು. ಅಷ್ಟು ಹೊಗಳಿದರು. ನಿಮ್ಮೂರು ಮುಳಬಾಗಿಲಿನಲ್ಲೇ ಸುತ್ತಲಿನ ತಾಲೂಕುಗಳ ಕಾಲೇಜುಗಳೆಲ್ಲ ಸೇರುವ ಪ್ರಬಂಧ ಸ್ಪರ್ಧೆ ಇದೆ, ನೀನೇ ಓದಬೇಕು, ನಾನು ಟೈಪು ಮಾಡಿಸುತ್ತೇನೆ ಅಂದರು. ಟೈಪಾಗಿ ಬಂದದ್ದನ್ನು ಓದಿದಾಗ... ಅಬ್ಬಾ, ಅದರಲ್ಲಿ ನೀವು ಬಡ ಹೆಣ್ಣೊಬ್ಬಳ ಮದುವೆಗೆ ಪುಕ್ಕಟೆ ಹಾಸಿಗೆ ಕೊಡುತ್ತಿದ್ದಿರಿ! ಮುನಿವೆಂಕಟಪ್ಪ ಮಾಯ. ಮೇಲೆ ಹೊಸ ಶೀರ್ಷಿಕೆ, "ಬುರ್ಖಾದೊಳಗಿನ ದನಿ." ನಾನು ಬುರ್ಖಾ ಹಾಕುವುದು ಅಮ್ಮಿಯ ತವರಿಗೆ ಹೋದಾಗ ಮಾತ್ರ, ಅದೂ ಅಲ್ಲಿನ ದೊಡ್ಡಮ್ಮನ ಬಾಯಿಗೆ ಹೆದರಿ.

"ಮೇಡಂ, ಇದು ನಮ್ಮ ಅಬ್ಬಾ ಅಲ್ಲ" ಅಂದೆ.

"ಗೊತ್ತು ನಸೀಮಾ. ಆದರೆ ಯೋಚನೆ ಮಾಡು, ಸಭೆಯಲ್ಲಿ ಎಂಥೆಂಥವರೋ ಕೂತಿರ್ತಾರೆ. ನೀನು ಹೋಗಿ ನಮ್ಮಪ್ಪ ಜಗಳಗಂಟ, ಯಾರನ್ನೂ ನಂಬ್ತಿರಲಿಲ್ಲ ಅಂದ್ರೆ, 'ನೋಡಿ, ಮಗಳೇ ಹೇಳ್ತಿದ್ದಾಳೆ, ಇವರೆಲ್ಲ ಹೀಗೇ' ಅಂತಾರೆ. ಅದನ್ನ ಕೇಳೋ ಶಕ್ತಿ ನನಗಿಲ್ಲ."

ಅವರ ಕಣ್ಣು ಒದ್ದೆಯಾಗಿತ್ತು. ಹೆದರಿಕೆ ನನಗಾಗಿಯೋ, ಕಾಲೇಜಿಗೆ ಬರಬೇಕಾದ ಬಹುಮಾನಕ್ಕಾಗಿಯೋ? ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನನಗೆ ಹೆಚ್ಚು ಸಿಟ್ಟು ತರಿಸಿದ್ದು ಅದೇ.

"ಅವರು ಜಗಳ ಆಡ್ತಿದ್ದದ್ದು ಎಲ್ಲ ಸಾಬರ ಪರವಾಗಿ ಅಲ್ಲ ಮೇಡಂ. ಅವರೊಬ್ಬರ ಪರವಾಗಿ" ಅಂದೆ. "ನಾನು ಬರೆದದ್ದನ್ನೇ ಓದ್ತೀನಿ. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ."

ಮೇಡಂ ಟೈಪಾದ ಹಾಳೆಗಳನ್ನು ಮಡಚಿ ಡ್ರಾಯರಿಗೆ ಹಾಕಿದರು. "ಓದು. ಆಮೇಲೆ ನನ್ನ ಹತ್ತಿರ ಬಂದು ಅಳಬೇಡ" ಅಂದರು.

ಸ್ಪರ್ಧೆಯ ದಿನ ಅಮ್ಮಿಯನ್ನು ಕರೆದುಕೊಂಡು ಸಭಾಂಗಣಕ್ಕೆ ಹೋದರೆ, ಎರಡನೇ ಸಾಲಿನಲ್ಲಿ ಬಿಳಿ ಪಂಚೆ, ಕಿವಿಯಲ್ಲಿ ಕೂದಲು, ಮುನಿವೆಂಕಟಪ್ಪ! ಯಾಕೆ ಬಂದರು? ಯಾರು ಹೇಳಿದರು? ಶ್ರೀನಿವಾಸಪುರದ ಕಾಲೇಜಿನಿಂದ ಅವರ ಮೊಮ್ಮಗಳೂ ಓದುವವಳಿದ್ದಳು, ಅದಕ್ಕೆ ಬಂದಿದ್ದರಂತೆ. ಇರಬಹುದು. ನಿಮ್ಮ ಮಣ್ಣಿಗೆ ಬರದ ಮನುಷ್ಯ ನಾನು ವೇದಿಕೆ ಹತ್ತುವುದನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಪುಟ ತಿರುಗಿಸಿ ಅವರ ಹೆಸರನ್ನು ಹಾರಿಸಿಬಿಡಲೇ ಅನ್ನಿಸಿತು. ಹಾರಿಸಲಿಲ್ಲ. ಈಜಿನ ಮಾತಿಗೆ ಜನ ನಕ್ಕರು. ಕ್ಯಾಕರಿಸುವ ಮಾತಿಗೆ ಇನ್ನೂ ಜೋರಾಗಿ ನಕ್ಕರು. ಹಿಂದಿನ ಸಾಲಿನಿಂದ ಯಾರೋ ಏನೋ ಅಂದದ್ದು, ಪಕ್ಕದವರು ಮುಸಿಮುಸಿ ನಕ್ಕದ್ದೂ ಕೇಳಿಸಿತು. ಮೇಡಂ ತಲೆ ತಗ್ಗಿಸಿದರು. ಹತ್ತಿ ನೆನೆದ ಬೆಳಿಗ್ಗೆಗೆ ಬಂದೆ ನೋಡಿ, ಎರಡನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದು.

"ಅಬದ್ಧಮಮ್ಮಾ! ಪೂರ್ತಿ ಸುಳ್ಳು!" ಮುನಿವೆಂಕಟಪ್ಪ ಎದ್ದು ನಿಂತಿದ್ದರು. "ನೀರು ಬಿಟ್ಟಿದ್ದು ನಾನಲ್ಲ. ಬೀದಿ ನಲ್ಲಿ ಪೈಪು ಒಡೆದಿತ್ತು. ನೂರು ಸಲ ಹೇಳ್ದೆ, ಆ ಮೊಂಡ ಕೇಳಿದ್ನಾ?"

ಮೊಮ್ಮಗಳು ಅವರ ಪಂಚೆ ಎಳೆದಳು. ನಿರೂಪಕರು "ದಯವಿಟ್ಟು ಕೂತ್ಕೊಳ್ಳಿ" ಅಂದರು. ಅವರು ಯಾರಿಗೂ ಬಗ್ಗಲಿಲ್ಲ.

"ಹೋದೋರ ಬಗ್ಗೆ ಆಡ್ಬಾರ್ದು ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಶುರು ಮಾಡಿದ್ದು ಅವನ ಮಗಳೇ. ಅವನ ಹತ್ತಿ ಕುಡಿದು ಕುಡಿದು ನನ್ನ ಗಿರಾಕಿಗಳೆಲ್ಲ ಕೆಮ್ತಿದ್ರಲ್ಲ, ಅದನ್ನ ಯಾಕಮ್ಮ ಸರಿಯಾಗಿ ಬರೀಲಿಲ್ಲ?"

ಸಭೆಯೆಲ್ಲ ನಗುತ್ತಿತ್ತು. ನಾನು ಮಾತ್ರ ಕೈಯಲ್ಲಿದ್ದ ಪುಟ ಬಿಟ್ಟು ಅವರನ್ನೇ ನೋಡುತ್ತಿದ್ದೆ. ನೀವು ಹೋದಾಗಿನಿಂದ ಮನೆಗೆ ಬಂದವರೆಲ್ಲ "ದೇವರಂಥ ಮನುಷ್ಯ" ಅಂದರು. ನೀವು ಒಂದು ದಿನವೂ ಆಗಿರದ ಆ ಯಾರನ್ನೋ ನೆನೆದು ಅಮ್ಮಿಯನ್ನು ಸಮಾಧಾನ ಮಾಡಿದರು. ನೀವು ಹೋದ ಮೇಲೂ ನಿಮ್ಮ ಮೇಲೆ ನಿಜವಾದ ಸಿಟ್ಟು ಇಟ್ಟುಕೊಂಡಿದ್ದ ಒಬ್ಬ ಮನುಷ್ಯನನ್ನು ನಾನು ಆವತ್ತೇ ನೋಡಿದ್ದು.

"ಆಮೇಲೆ ಬಂದು ಕೇಳ್ತೀನಿ ತಾತ, ಈಗ ಮುಗಿಸೋಕೆ ಬಿಡಿ" ಅಂದೆ ಮೈಕಿನಲ್ಲೇ. "ಬಾ, ಬಾ. ಭಾನುವಾರ ಅಂಗಡಿ ತೆಗೆದಿರ್ತೀನಿ" ಎಂದು ಕೂತರು.

ಬಹುಮಾನ ನನಗೆ ಬರಲಿಲ್ಲ. ಗುಲಾಬಿ ತೋಟದಲ್ಲಿ ದುಡಿಯುವ ತಾಯಿಯ ಬಗ್ಗೆ ಓದಿದ ಮಾಲೂರಿನ ಹುಡುಗಿಗೆ ಹೋಯಿತು. ಅವಳ ತಾಯಿ ನಿಜವಾಗಿ ಹೇಗಿದ್ದಾರೋ, ಯಾರಿಗೆ ಗೊತ್ತು? ವಸುಧಾ ಮೇಡಂ ಹೊರಗೆ ನನ್ನನ್ನು ಪಕ್ಕಕ್ಕೆ ಎಳೆದು, "ನಿಜ ಹೇಳು, ಆ ಯಜಮಾನರನ್ನ ನೀನೇ ಕರೆಸಿದ್ಯಾ?" ಅಂದರು. ಥೇಟ್ ನಿಮ್ಮದೇ ಅನುಮಾನ! ಮೊದಲ ಸಲ ಅವರು ನನಗೆ ಇಷ್ಟವಾದರು.

ಮನೆಗೆ ನಡೆದು ಬರುವಾಗ ಅಮ್ಮಿ, "ಪೈಪು ಒಡೆದದ್ದು ನಿಜ. ನಿಮ್ಮ ಅಬ್ಬಾಗೂ ಗೊತ್ತಿತ್ತು" ಅಂದಳು. ನಾನು ರಸ್ತೆಯಲ್ಲೇ ನಿಂತೆ. ಗೊತ್ತಿದ್ದರೆ ಜಗಳ ಯಾಕೆ ಬಿಡಲಿಲ್ಲ? "ಬಿಟ್ಟಿದ್ರೆ ಅವ್ರಿಬ್ರಿಗೂ ಪೂರಾ ದಿನ ಅಂಗಡಿ ಮುಂದೆ ಕೂತು ಮಾಡೋಕೆ ಇನ್ನೇನಿತ್ತು?" ಎಂದು ಸೆರಗು ಸರಿಮಾಡಿಕೊಂಡು ನಡೆದಳು. ಇದನ್ನು ನಂಬಲೇ ಅಬ್ಬಾ? ಅಥವಾ ಅಮ್ಮಿಯೂ ನಿಮ್ಮನ್ನು ಮೆಲ್ಲಗೆ ಒಳ್ಳೆಯ ಸಾಬರನ್ನಾಗಿ ಮಾಡಲು ಹೊರಟಿದ್ದಾಳೆಯೇ?

ನಾಳೆ ಭಾನುವಾರ. ಕಾಫಿಪುಡಿ ಅಂಗಡಿಗೆ ಹೋಗುತ್ತಿದ್ದೇನೆ. ಆ ಮನುಷ್ಯ ಹೇಳುವುದನ್ನೆಲ್ಲ ಕೇಳುತ್ತೇನೆ, ಒಂದು ಮಾತನ್ನೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಪೈಪಿನ ವಿಷಯ ಬಂದರೆ ನಿಮ್ಮ ಪರವಾಗಿಯೇ ಕೂಗಾಡುತ್ತೇನೆ, ತಪ್ಪು ನಿಮ್ಮದೇ ಇದ್ದರೂ.

ನಿಮ್ಮ ಮಗಳು,
ನಸೀಮಾ